ಮಾಮಾ ಸೌಮುವಿನ ಕಿಸ್ವಾಹಿಲಿ

ಡಚ್ಚರ ನಾಡಿನ ಲೈಡನ್ನಿನ ವಿಶ್ವವಿದ್ಯಾಲಯದವರು ರುಕ್ಮಿಣಿಯನ್ನು ಕೆಲಸಕ್ಕೆ ಕರೆದದ್ದು ಗದ್ದಲ ಸೋಸುವುದಕ್ಕೆ. ಕೀನ್ಯಾದ ಪ್ರೌಢಶಾಲೆಗಳಲ್ಲಿ ಕಿಸ್ವಾಹಿಲಿ ಕಲಿಸಲು ಸಣ್ಣ ಸಣ್ಣ ವಿಡಿಯೊಗಳನ್ನೂ ಧ್ವನಿಪಾಠಗಳನ್ನೂ ತಯಾರಿಸುವ ಯೋಜನೆ ಅದು. ಅಲ್ಲಿಂದ ಬರುವ ಧ್ವನಿಮುದ್ರಿಕೆಗಳಲ್ಲಿ ಗಾಳಿ, ಮೋಟಾರ್‌ಬೈಕು, ಕೋಳಿ ಎಲ್ಲವೂ ಇರುತ್ತಿದ್ದವು. ಅವನ್ನೆಲ್ಲ ಹಿಂದಕ್ಕೆ ಸರಿಸಿ, ಮಾತನ್ನು ಮುಂದಕ್ಕೆ ತಂದು, ಪಾಠದ ಅಳತೆಗೆ ಕತ್ತರಿಸಿ ಕೊಡಬೇಕಿತ್ತು. ಬೆಂಗಳೂರಿನ ಜಾಹೀರಾತು ಸ್ಟುಡಿಯೊ ಒಂದರಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದ್ದವಳಿಗೆ ಇದೇನೂ ಹೊಸದಲ್ಲ. ಗಂಡ ಹರಿಪ್ರಸಾದನ ನೌಕರಿಯ ಬೆನ್ನಿಗೆ ಆಮರ್ಸ್‌ಫೋರ್ಟಿಗೆ ಬಂದ ಮೇಲೆ ಅವಳಿಗೆ ಸಿಕ್ಕಿದ್ದೆಲ್ಲ ಇಂಥ ತುಂಡು ಕೆಲಸಗಳೇ. ಇದು ನಾಲ್ಕು ತಿಂಗಳದ್ದು. ವಾರಕ್ಕೆ ಮೂರು ದಿನ ಉಟ್ರೆಕ್ಟಿನಲ್ಲಿ ರೈಲು ಬದಲಿಸಿ ಹೋಗಿಬರುತ್ತಿದ್ದಳು.

ಯೋಜನೆಯ ಜೀವಾಳ ನೆಕೇಸಾ ಎಂಬ ಹೆಂಗಸು. ಪಶ್ಚಿಮ ಕೀನ್ಯಾದ ಬುಂಗೋಮಾ ಕಡೆಯವಳು, ಮೂವತ್ತನಾಲ್ಕರ ವಯಸ್ಸು, ಲೈಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅದಕ್ಕೆ ಮೊದಲು ಆರು ವರ್ಷ ತನ್ನೂರಿನ ಪ್ರೌಢಶಾಲೆಯಲ್ಲಿ ಕಿಸ್ವಾಹಿಲಿ ಟೀಚರಾಗಿದ್ದಳು. ಅಲ್ಲಿನ ಮಕ್ಕಳ ಮನೆಮಾತು ಬೇರೆ, ಕಿಸ್ವಾಹಿಲಿ ಅವರಿಗೆ ಪರೀಕ್ಷೆಯ ಭಾಷೆ.

"ಪಠ್ಯದಲ್ಲಿ 'ಆಲಿಸುವುದು ಮತ್ತು ಮಾತಾಡುವುದು' ಅಂತ ಒಂದು ಪಾಠ ಇರುತ್ತೆ," ಎಂದು ಅವಳು ಮೊದಲ ದಿನವೇ ರುಕ್ಮಿಣಿಗೆ ಇಂಗ್ಲಿಷಿನಲ್ಲಿ ಹೇಳಿದ್ದಳು. "ಆ ಪಾಠವನ್ನ ನಾನು ಬೋರ್ಡಿನ ಮೇಲೆ ಬರೀತಿದ್ದೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸ್ಕೊಳ್ತಿದ್ರು. ಇಡೀ ಕ್ಲಾಸಲ್ಲಿ ಯಾರೂ ಏನನ್ನೂ ಆಲಿಸ್ತಿರಲಿಲ್ಲ, ಯಾರೂ ಬಾಯಿ ಬಿಡ್ತಿರಲಿಲ್ಲ. ಶಾಲೆಗೆ ಇದ್ದದ್ದು ಒಂದು ರೇಡಿಯೊ. ಅದು ಹೆಡ್‌ಮಾಸ್ಟರ ಕಪಾಟಿನಲ್ಲಿ ಬೀಗದೊಳಗೆ ಇರ್ತಿತ್ತು."

ಮೂರನೆಯ ವಾರ ಮಾರುಕಟ್ಟೆಯ ಸಂಭಾಷಣೆಯೊಂದನ್ನು ರುಕ್ಮಿಣಿ ಕತ್ತರಿಸುತ್ತಿದ್ದಳು. ಮೀನು ಮಾರುವವಳೊಬ್ಬಳು ಗಿರಾಕಿಯೊಂದಿಗೆ ಚೌಕಾಸಿ ಮಾಡುವ ದೃಶ್ಯ. ಹಿಂದೆ ಬಂದು ನಿಂತಿದ್ದ ನೆಕೇಸಾ ಸ್ವಲ್ಪ ಹೊತ್ತು ನೋಡಿ, "ಬರಹದ ಪ್ರತಿ ಎಲ್ಲಿದೆ?" ಎಂದು ಕೇಳಿದಳು.

"ಇನ್ನೂ ಬಂದಿಲ್ಲ."

"ಮತ್ತೆ ಎಲ್ಲಿ ಕತ್ತರಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗ್ತಿದೆ? ವಾಕ್ಯದ ತುದಿಗೆ ಸರಿಯಾಗಿ ನಿಲ್ಲಿಸ್ತಿದೀರಿ. ಜೋಕ್ ಮುಗಿಯೋ ತನಕ ಕಾದಿರಿ."

ರುಕ್ಮಿಣಿಯ ಬೆರಳು ಕೀಲಿಮಣೆಯ ಮೇಲೆ ಹಾಗೇ ನಿಂತಿತು. ಅವಳಿಗೂ ಅದು ಅರಿವಿಗೆ ಬಂದದ್ದು ಆಗಲೇ. ಮೀನಿನವಳು ಗಿರಾಕಿಗೆ, ನಿನ್ನ ಗಂಡನಿಗಿಂತ ಈ ಮೀನಿನ ಕಣ್ಣೇ ಚುರುಕಾಗಿದೆ ಎಂದಿದ್ದಳು. ಅದಕ್ಕೆ ತಾನು ನಕ್ಕದ್ದೂ ನಿಜ.

"ನಾನು ಮಲಿಂದಿಯಲ್ಲಿ ಬೆಳೆದವಳು," ಎಂದಳು ರುಕ್ಮಿಣಿ. "ಮೂರು ವರ್ಷದಿಂದ ಹನ್ನೆರಡರ ತನಕ. ಎಲ್ಲ ಮರೆತುಹೋಗಿದೆ ಅಂದ್ಕೊಂಡಿದ್ದೆ."

ಅವಳ ತಂದೆ ಹಾಲಪ್ಪ ಮೇಷ್ಟ್ರು ದಾವಣಗೆರೆಯವರು. ಭೌತಶಾಸ್ತ್ರದ ಶಿಕ್ಷಕರು ಬೇಕೆಂದು ಆ ಕಾಲದಲ್ಲಿ ಆಫ್ರಿಕಾದಿಂದ ಕರೆ ಬರುತ್ತಿತ್ತು. ಹಾಗೆ ಹೆಂಡತಿ ಮಗಳೊಂದಿಗೆ ಕೀನ್ಯಾದ ಕಡಲತೀರದ ಮಲಿಂದಿಗೆ ಹೋದವರು ಒಂಬತ್ತು ವರ್ಷ ಅಲ್ಲಿದ್ದರು. ಹೋದ ಮೊದಲ ವರ್ಷವೇ ತಾಯಿಗೆ ಮಲೇರಿಯಾ ಹಿಡಿದು, ಬಿಟ್ಟೂ ಬಿಟ್ಟೂ ಮರುಕಳಿಸತೊಡಗಿತು. ಮಗು ಪಕ್ಕದ ಮನೆಯ ಪಾಲಾಯಿತು. ಪಕ್ಕದ ಮನೆ ಮಾಮಾ ಸೌಮುವಿನದು. ಬೆಳಗ್ಗೆ ತೆಂಗಿನ ಹಾಲು, ಏಲಕ್ಕಿ ಹಾಕಿ ನಾದಿದ ಹಿಟ್ಟಿನಿಂದ ಮಹಮ್ರಿ ಕರಿದು ಮಾರುತ್ತಿದ್ದಳು. ಉಳಿದ ಹೊತ್ತೆಲ್ಲ ಕಲ್ಲಿನ ಜಗಲಿಯ ಮೇಲೆ ಕುಳಿತು ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಮಾತಿಗೆಳೆಯುತ್ತಿದ್ದಳು. ರುಕ್ಮಿಣಿ ಎಂಬ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ. ರುಕಿಯಾ ಎಂದಳು. ಓಣಿಯೆಲ್ಲ ರುಕಿಯಾ ಎಂದಿತು.

ದಾವಣಗೆರೆಗೆ ಮರಳಿದ ಮೇಲೆ ಆ ಹೆಸರು, ಆ ಮಾತು ಎರಡೂ ನಗೆಪಾಟಲಾದವು. ಹುಡುಗಿ ಯಾವಾಗಲೂ ಮಾಮಾ, ಮಾಮಾ ಎನ್ನುತ್ತಾಳಲ್ಲ, ಯಾವ ಮಾಮ ಎಂದು ನೆಂಟರು ಕೇಳಿದರು. ಅದು ಹೆಂಗಸು, ಅಲ್ಲಿ ತಾಯಿಯನ್ನು ಮಾಮಾ ಅನ್ನುತ್ತಾರೆ ಎಂದಾಗ ಮದುವೆಮನೆಯೊಂದರಲ್ಲಿ ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅವ್ವನ ಮುಖ ಸಣ್ಣದಾಗಿತ್ತು. ಅದಾದ ಮೇಲೆ ರುಕ್ಮಿಣಿ ಆ ಭಾಷೆಯ ಒಂದು ಪದವನ್ನೂ ಬಾಯಿಂದ ಹೊರಗೆ ಬಿಟ್ಟಿರಲಿಲ್ಲ.

ಮೀನಿನವಳ ಜೋಕು ಅರ್ಥವಾದದ್ದನ್ನು ಆ ಸಂಜೆ ಮನೆಯಲ್ಲಿ ಹೇಳಿದಾಗ ಹರಿಪ್ರಸಾದ ಚಪಾತಿ ಮುರಿಯುವುದನ್ನು ನಿಲ್ಲಿಸಿ ನೋಡಿದ. "ಹದಿನೆಂಟು ವರ್ಷ ಆಯ್ತು ಮದುವೆಯಾಗಿ. ನೀವು ಕೀನ್ಯಾದಲ್ಲಿ ಇದ್ರಿ ಅಂತ ಗೊತ್ತು. ಆದ್ರೆ ನಿನಗೆ ಭಾಷೆ ಬರುತ್ತೆ ಅಂತ ಒಂದು ಸಲಾನೂ ಹೇಳಿಲ್ವಲ್ಲ ನೀನು."

"ಬರುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ."

ಹದಿನೈದರ ಮಗಳು ನಿಸರ್ಗ ಫೋನಿನಿಂದ ತಲೆಯೆತ್ತಿ, "ಏನಾದ್ರೂ ಮಾತಾಡಮ್ಮಾ," ಎಂದಳು. ರುಕ್ಮಿಣಿಗೆ ಏನೂ ಬರಲಿಲ್ಲ. ಕಿವಿಯಲ್ಲಿ ಇರುವುದು ನಾಲಿಗೆಗೆ ಇಳಿಯಲಿಲ್ಲ.

ನೆಕೇಸಾ ಬಿಡುವವಳಲ್ಲ. ಕಡಲತೀರದವರ ಕಿಸ್ವಾಹಿಲಿ ಎಂದರೆ ಅವಳಿಗೆ ಪ್ರಾಣ. ಆ ಧಾಟಿಯಲ್ಲಿ ಒಂದು ಧ್ವನಿಪಾಠ ಬೇಕೇ ಬೇಕು ಎಂದು ಬಹಳ ದಿನದಿಂದ ಹುಡುಕುತ್ತಿದ್ದಳು. ಎರಡು ದಿನ ಬಿಟ್ಟು ಬರಹದ ಹಾಳೆಯೊಂದನ್ನು ರುಕ್ಮಿಣಿಯ ಮುಂದಿಟ್ಟು ಮೈಕಿನ ಎದುರು ಕೂರಿಸಿದಳು. ರುಕ್ಮಿಣಿ ಓದಿದಳು. ಓದಿ ಮುಗಿಸಿ ಕೇಳಿಸಿಕೊಂಡರೆ, ವಿಮಾನ ನಿಲ್ದಾಣದಲ್ಲಿ ಯಂತ್ರ ಮಾತಾಡಿದ ಹಾಗಿತ್ತು.

"ಹಾಳೆ ಆಚೆ ಇಡಿ," ಎಂದಳು ನೆಕೇಸಾ. "ಅವರು ನಿಮಗೆ ಮೊದಲು ಕಲಿಸಿದ್ದು ಏನು?"

ರುಕ್ಮಿಣಿ ಕಣ್ಣು ಮುಚ್ಚಿದಳು. ಮೊದಲು ಕಲಿಸಿದ್ದು ಬಾಗಿಲಲ್ಲಿ ನಿಂತು ಕರೆಯುವುದನ್ನು. ಅಲ್ಲಿ ಯಾರ ಮನೆಗೂ ನೇರ ನುಗ್ಗುವಂತಿಲ್ಲ. ಹೊರಗೆ ನಿಂತು 'ಹೋದಿ' ಎನ್ನಬೇಕು. ಒಳಗಿನವರು 'ಕರೀಬು', ಬಾ, ಎಂದ ಮೇಲೆ ಹೊಸ್ತಿಲು ದಾಟಬೇಕು. ಮೂರು ಸಲ ಕರೆದರೂ ಉತ್ತರ ಬರದಿದ್ದರೆ ಸುಮ್ಮನೆ ಹಿಂದಿರುಗಬೇಕು. ನಾಲ್ಕು ವರ್ಷದ ಹುಡುಗಿ ಕರೆಯದೆ ಒಳಗೆ ಓಡಿಹೋದಾಗ ಮಾಮಾ ಸೌಮು ಅವಳ ರಟ್ಟೆ ಹಿಡಿದು ಹೊರಗೆ ತಂದು ಓಣಿಯಲ್ಲಿ ನಿಲ್ಲಿಸಿದ್ದಳು. ಕರೆ ಎಂದಿದ್ದಳು. ಮೆಲ್ಲಗೆ ಕರೆದರೆ, ಕಳ್ಳಿಯ ಹಾಗೆ ಕರೆಯುತ್ತೀಯ, ಇನ್ನೊಮ್ಮೆ. ಜೋರಾಗಿ ಕರೆದರೆ, ಪೊಲೀಸರವಳೇನು ನೀನು, ಇನ್ನೊಮ್ಮೆ. ಹತ್ತು ಸಲವೋ ಹನ್ನೆರಡು ಸಲವೋ ಆದ ಮೇಲೆ ಒಳಗಿನಿಂದ ನಗುತ್ತ 'ಕರೀಬು' ಎಂಬ ಧ್ವನಿ ಬಂದಿತ್ತು.

ರುಕ್ಮಿಣಿ ಇದನ್ನು ಹೇಳತೊಡಗಿದ್ದು ಇಂಗ್ಲಿಷಿನಲ್ಲಿ. ಮಾಮಾ ಸೌಮುವಿನ ಬೈಗುಳ ಬರುವ ಜಾಗದಲ್ಲಿ ಅದು ಕಿಸ್ವಾಹಿಲಿಯಾಯಿತು. ಆಮೇಲೆ ಇಂಗ್ಲಿಷು ಬರಲೇ ಇಲ್ಲ. ವ್ಯಾಕರಣ ತಪ್ಪುತ್ತಿತ್ತು, ಪದ ಸಿಗದೆ ತಡವರಿಸುತ್ತಿದ್ದಳು. ಆದರೆ ಮಾತಿನ ಏರಿಳಿತ ಪೂರ್ತಿ ಮಾಮಾ ಸೌಮುವಿನದೇ. ಗಾಜಿನ ಆಚೆ ನೆಕೇಸಾ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದರಿಂದ ಮುಂದುವರಿಸಿ ಎಂದು ಸನ್ನೆ ಮಾಡುತ್ತಿದ್ದಳು. ಆಮೇಲೆ ಒಂದು ದಿನ ನಾವು ಹೊರಟುಹೋದೆವು ಎಂದು ರುಕ್ಮಿಣಿ ಕಥೆ ಮುಗಿಸಿದಳು.

ಯೋಜನೆಯಲ್ಲಿ ಮಲಿಂದಿಯ ಶಾಲೆಯೂ ಒಂದಿತ್ತು. ಅಲ್ಲಿನ ಶಿಕ್ಷಕರೊಬ್ಬರು ಹಳೆಯ ಓಣಿಗಳನ್ನು, ಕೆತ್ತನೆಯ ಬಾಗಿಲುಗಳನ್ನು, ಜಗಲಿಗಳನ್ನು ಫೋನಿನಲ್ಲಿ ಚಿತ್ರೀಕರಿಸಿ ಕಳಿಸಿದರು. ರುಕ್ಮಿಣಿ ಆ ಚಿತ್ರಗಳನ್ನು ತನ್ನ ಧ್ವನಿಗೆ ಜೋಡಿಸುತ್ತ, ಒಂದೊಂದು ಬಾಗಿಲನ್ನೂ ನಿಲ್ಲಿಸಿ ನೋಡಿದಳು. ಯಾವುದೂ ತನ್ನದೆನಿಸಲಿಲ್ಲ. ಒಂದು ಕಡೆ ಮಾತ್ರ, ಗೋಡೆ ತಿರುಗುವಲ್ಲಿ ಬಿದ್ದಿದ್ದ ಬಿಸಿಲನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದಳು. ಆ ದೃಶ್ಯವನ್ನು ಬೇಕಾದ್ದಕ್ಕಿಂತ ನಾಲ್ಕು ಸೆಕೆಂಡು ಉದ್ದವೇ ಇಟ್ಟಳು. ನೆಕೇಸಾ ಅದನ್ನು ಹಾಗೇ ಬಿಟ್ಟಳು.

ಎರಡೂವರೆ ನಿಮಿಷದ ಆ ಪಾಠ ಬುಂಗೋಮಾದ ಶಾಲೆಗೆ ಹೋಯಿತು. ಹತ್ತು ದಿನದ ಮೇಲೆ ತರಗತಿಯ ವಿಡಿಯೊ ಬಂತು. ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ ಕೋಣೆ, ಬಿಳಿ ಗೋಡೆಯ ಮೇಲೆ ಮಲಿಂದಿಯ ಓಣಿ, ಬೆಂಚುಗಳ ಮೇಲೆ ಒತ್ತೊತ್ತಾಗಿ ನಲವತ್ತೈವತ್ತು ಮಕ್ಕಳು. ಕಳ್ಳಿಯ ಹಾಗೆ ಎಂಬಲ್ಲಿ ಎಲ್ಲ ನಕ್ಕರು. ಪಾಠ ಮುಗಿದ ಮೇಲೆ ಟೀಚರು ಪ್ರಶ್ನೆ ಕೇಳಿ ಎಂದರು. ಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದು ಕ್ಯಾಮೆರಾದ ಕಡೆ ತಿರುಗಿ ಕೇಳಿದರು. ಬೀಬಿ ರುಕಿಯಾ, ಈಗ ಮಹಮ್ರಿ ತಿನ್ನುತ್ತೀರಾ? ನಿಮ್ಮ ದೇಶದಲ್ಲಿ ಬಾಗಿಲಲ್ಲಿ ಏನಂತ ಕರೆಯುತ್ತಾರೆ?

ಕೊನೆಗೆ ಹಿಂದಿನ ಬೆಂಚಿನ ತೆಳ್ಳಗಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಸರು ನಾಫುಲಾ ಎಂದು ಟೀಚರು ಹೇಳಿದ್ದು ಕೇಳಿಸಿತು. ಮಲಿಂದಿ ಬಿಟ್ಟು ಹೋದೆ ಎಂದಿರಲ್ಲ, ಎಂದು ಶುರುಮಾಡಿ ಅವಳು ಕೇಳಿದ್ದು ಇಷ್ಟೇ: "ಕ್ವಾ ನೀನಿ ಹುಕುಮ್ವಾಗಾ?"

ರುಕ್ಮಿಣಿ ಹುಬ್ಬು ಗಂಟಿಕ್ಕಿದಳು. "ಯಾಕೆ ಚೆಲ್ಲಲಿಲ್ಲ ಅಂತ ಕೇಳ್ತಿದಾಳೆ. ಏನನ್ನ ಚೆಲ್ಲೋದು?"

"ಚೆಲ್ಲೋದಲ್ಲ," ಎಂದಳು ನೆಕೇಸಾ. "ಎರಡೂ ಒಂದೇ ಥರ ಕೇಳಿಸುತ್ತೆ. ಅವಳಿಗೆ ವಿದಾಯ ಯಾಕೆ ಹೇಳಲಿಲ್ಲ ಅಂತ ಕೇಳ್ತಿದಾಳೆ. ನಿಮ್ಮ ಕಥೇಲಿ, ನಾವು ಹೊರಟುಹೋದೆವು ಅಂತಷ್ಟೇ ಇದೆ. ಅವರಿಗೆ ಹೇಳಿ ಬಂದೆ ಅಂತ ಇಲ್ಲ. ಅದನ್ನ ಹಿಡಿದಿದಾಳೆ ಹುಡುಗಿ."

ರುಕ್ಮಿಣಿ ಹೆಡ್‌ಫೋನು ತೆಗೆದಿಟ್ಟಳು. ಇವತ್ತು ಬೇಗ ಹೋಗುತ್ತೇನೆ ಎಂದಳು. ಉಟ್ರೆಕ್ಟಿನಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ. ಎಲ್ಲರೂ ಇಳಿದು ಹೊಸಬರು ಹತ್ತಿದ ಮೇಲೆ ಅರಿವಾಗಿ, ಮುಂದಿನ ನಿಲ್ದಾಣದಲ್ಲಿ ಇಳಿದು, ಗಾಳಿಯಲ್ಲಿ ಇಪ್ಪತ್ತು ನಿಮಿಷ ನಿಂತು ವಾಪಸು ಬಂದಳು.

ಮುಂದಿನ ಸೋಮವಾರ ಅವಳೇ ನೆಕೇಸಾಳನ್ನು ಕರೆದು, "ಉತ್ತರ ಹೇಳ್ತೀನಿ, ರೆಕಾರ್ಡ್ ಮಾಡ್ಕೊಳ್ಳಿ," ಎಂದಳು. ಈ ಸಲ ಮೊದಲಿನಿಂದಲೇ ಕಿಸ್ವಾಹಿಲಿಯಲ್ಲಿ ಹೇಳಿದಳು.

ಹೊರಡುವ ದಿನ ಅಪ್ಪ ಅವ್ವ ಹೆಡ್‌ಮಾಸ್ಟರ ಮನೆಗೆ ಹೇಳಿಬರಲು ಹೋಗಿದ್ದರು. ಪೆಟ್ಟಿಗೆಗಳೆಲ್ಲ ಕಟ್ಟಿಯಾಗಿತ್ತು. ಖಾಲಿ ಮನೆಯಲ್ಲಿ ಹನ್ನೆರಡು ವರ್ಷದ ಅವಳೊಬ್ಬಳೇ. ಹಿಂದಿನ ದಿನ ಅವ್ವ, ಪಕ್ಕದ ಮನೆಯಾಕೆಯ ಮುಂದೆ ಅತ್ತು ರಂಪ ಮಾಡಬೇಡ, ಮಗುವನ್ನು ಕಿತ್ತುಕೊಂಡು ಹೋದರು ಅನ್ನುವ ಮಾತು ಬೇಡ ಎಂದಿದ್ದಳು. ಮಾಮಾ ಸೌಮು ಬಂದಳು. ಹೊರಗೆ ನಿಂತು ಹೋದಿ ಎಂದಳು. ರುಕ್ಮಿಣಿ ಅಡುಗೆಮನೆಯ ಬಾಗಿಲ ಹಿಂದೆ ನೆಲದ ಮೇಲೆ ಕುಳಿತಿದ್ದಳು. ಕರೀಬು ಎಂದರೆ ಆಕೆ ಒಳಗೆ ಬರುತ್ತಾಳೆ, ಬಂದರೆ ತಾನು ಕಾರು ಹತ್ತಲಾರೆ ಎಂದು ಅವಳಿಗೆ ಗೊತ್ತಿತ್ತು. ಎರಡನೆಯ ಸಲ ಕರೆದಳು. ರುಕ್ಮಿಣಿ ತನ್ನ ಲಂಗದ ಅಂಚನ್ನೇ ಬಾಯಿಗೆ ತುರುಕಿಕೊಂಡಳು. ಮೂರನೆಯ ಸಲ ಕರೆದು ಕೊಂಚ ಹೊತ್ತು ನಿಂತಳು. ಆಮೇಲೆ ಹೆಜ್ಜೆಯ ಸದ್ದು ದೂರವಾಯಿತು. ಬಾಗಿಲು ತೆಗೆದು ನೋಡಿದರೆ ಪತ್ರಿಕೆಯಲ್ಲಿ ಸುತ್ತಿದ ಮಹಮ್ರಿ ಇತ್ತು, ಇನ್ನೂ ಬಿಸಿಯಾಗಿತ್ತು.

"ನಾಫುಲಾ," ಎಂದು ಕೊನೆಗೆ ಹೇಳಿದಳು, "ಯಾಕೆ ಹೇಳಿಬರಲಿಲ್ಲ ಎಂದು ಕೇಳಿದೆಯಲ್ಲ, ನನಗೆ ಧೈರ್ಯ ಇರಲಿಲ್ಲ, ಅದಕ್ಕೆ. ಕಾಗದ ಯಾಕೆ ಬರೆಯಲಿಲ್ಲ ಎಂದರೆ ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಈ ಭಾಷೆ ಬರೆಯಲು ನನಗೆ ಬರುತ್ತಿರಲಿಲ್ಲ. ಓದಿಸಿಕೊಳ್ಳಲು ಅವರಿಗೆ ಯಾರಾದರೂ ಸಿಗುತ್ತಿದ್ದರು. ಬರೆಯಿಸಲು ನಾನು ಯಾರನ್ನೂ ಹುಡುಕಲಿಲ್ಲ."

ನೆಕೇಸಾ ಅದನ್ನು ಒಂದೇ ಒಂದು ಕಡೆಯೂ ಕತ್ತರಿಸಬಾರದು ಎಂದಳು. ಪದಗಳ ತಪ್ಪುಗಳನ್ನೂ ಹಾಗೇ ಉಳಿಸಿದಳು.

ಆ ಪಾಠ ಮಾಡಿದ ಕೆಲಸದ ಬಗ್ಗೆ ನೆಕೇಸಾ ತನ್ನ ಪ್ರಬಂಧದಲ್ಲಿ ಎರಡು ಪುಟ ಬರೆದಳು. ಬುಂಗೋಮಾದ ಟೀಚರು ಕಳಿಸಿದ ವಿಡಿಯೊ ಈ ಸಲ ನಲವತ್ತು ನಿಮಿಷದ್ದು. ವರ್ಷವಿಡೀ ಬಾಯಿ ತೆರೆಯದಿದ್ದ ಮಕ್ಕಳು ಎದ್ದು ನಿಂತು ತಾವು ಹೇಳದೆ ಬಂದ, ತಮಗೆ ಹೇಳದೆ ಹೋದ ಸಂಗತಿಗಳನ್ನು ಹೇಳಿದ್ದರು. ನೈರೋಬಿಗೆ ದುಡಿಯಲು ಹೋದ ಅಮ್ಮ, ಮಾರಿದ ಹಸು, ಸತ್ತುಹೋದ ಅಣ್ಣ. ಕಿಸ್ವಾಹಿಲಿ ಸಾಲದ ಕಡೆ ಮನೆಮಾತು ಬೆರೆಸಿದ್ದರು. ಟೀಚರು ಯಾರನ್ನೂ ತಿದ್ದಿರಲಿಲ್ಲ. ನಾಫುಲಾ ಮಾತ್ರ ಏನೂ ಹೇಳದೆ ಕೆನ್ನೆಗೆ ಕೈಕೊಟ್ಟು ಕುಳಿತಿದ್ದಳು.

ಅದೇ ಪಾಠ ಮಲಿಂದಿಯ ಶಾಲೆಯಲ್ಲೂ ನಡೆಯಿತು. ಓಣಿಗಳನ್ನು ಚಿತ್ರೀಕರಿಸಿದ್ದ ಶಿಕ್ಷಕರು ಇದನ್ನು ಕೇಳಿ ಸುಮ್ಮನಿರಲಿಲ್ಲ. ಓಣಿಯಲ್ಲಿ ಮಹಮ್ರಿ ಮಾರುತ್ತಿದ್ದ ಸೌಮು ಯಾರು, ಇಂಡಿಯಾದ ಮೇಷ್ಟ್ರ ಪಕ್ಕದ ಮನೆಯವಳು ಯಾರು ಎಂದು ಹಳಬರನ್ನು ವಿಚಾರಿಸಿದರು. ಏಪ್ರಿಲ್ ಮೊದಲ ವಾರ ನೆಕೇಸಾಗೆ ಸಂದೇಶ ಕಳಿಸಿದರು. ಮಾಮಾ ಸೌಮು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕಿರಿಯ ಮಗಳು ಮ್ವಾನಾಜುಮಾ ಮೊಂಬಾಸಾದಲ್ಲಿದ್ದಾಳೆ, ಇದು ಅವಳ ನಂಬರು.

ಇಷ್ಟು ವರ್ಷದಲ್ಲಿ ಬದುಕಿರಲಾರಳು ಎಂದು ರುಕ್ಮಿಣಿ ಎಷ್ಟೋ ಸಲ ಅಂದುಕೊಂಡದ್ದುಂಟು. ಆದರೂ ಹನ್ನೊಂದು ವರ್ಷ ಎಂಬ ಲೆಕ್ಕ ಅವಳನ್ನು ಕಾಡಿತು. ಅಂದರೆ ಇಪ್ಪತ್ತಮೂರು ವರ್ಷ ಆಕೆ ಆ ಜಗಲಿಯ ಮೇಲೆ ಇದ್ದಳು. ಬೆಂಗಳೂರಿನಲ್ಲಿ ರುಕ್ಮಿಣಿ ಹಲ್ಲುಪುಡಿಯ ಜಾಹೀರಾತಿಗೆ ಧ್ವನಿ ಕೂಡಿಸುತ್ತಿದ್ದಾಗ, ಮದುವೆಯಾದಾಗ, ನಿಸರ್ಗ ಹುಟ್ಟಿದಾಗ, ಆಕೆ ಇದ್ದಳು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ರುಕ್ಮಿಣಿ ಕರೆ ಮಾಡಿದಳು. ಮ್ವಾನಾಜುಮಾ ಫೋನೆತ್ತಿದವಳೇ ಬಿರಬಿರನೆ ಮಾತಾಡಿದಳು. ಅರ್ಧದಷ್ಟು ರುಕ್ಮಿಣಿಗೆ ಹಿಡಿಯಲಿಲ್ಲ. ಹಿಂದೆ ಮಕ್ಕಳ ಗಲಾಟೆ, ಎಲ್ಲೋ ಒಂದು ಫ್ಯಾನು. ರುಕ್ಮಿಣಿ ಹೊರಟಾಗ ಮ್ವಾನಾಜುಮಾ ಎಂಟು ವರ್ಷದವಳು.

"ಮಲಿಂದಿ ಶಾಲೆಯ ಮೇಷ್ಟ್ರು ನನಗೆ ನಿನ್ನ ಪಾಠ ಕೇಳಿಸಿದರು," ಎಂದಳು ಅವಳು. "ಅಮ್ಮನೇ ಮಾತಾಡಿದಂತಾಯ್ತು. ನಾವು ಯಾರೂ ಈಗ ಹಾಗೆ ಮಾತಾಡೋದಿಲ್ಲ, ಗೊತ್ತಾ? ನನ್ನ ಮಕ್ಕಳು ನಕ್ಕರು. ನಾನು ಇನ್ನೊಂದು ಸಲ ಹಾಕಿಸ್ಕೊಂಡು ಕೇಳಿದೆ."

ರುಕ್ಮಿಣಿ ಆ ದಿನದ ಮಾತೆತ್ತಿದಳು. ಬಾಗಿಲ ಹಿಂದೆ ಕುಳಿತದ್ದನ್ನು ಹೇಳಲು ಹೊರಟವಳನ್ನು ಮ್ವಾನಾಜುಮಾ ಅರ್ಧಕ್ಕೇ ತಡೆದಳು.

"ಅಮ್ಮನಿಗೆ ಗೊತ್ತಿತ್ತು. ನಿನ್ನ ಚಪ್ಪಲಿ ಹೊಸ್ತಿಲ ಹತ್ತಿರವೇ ಇತ್ತಂತೆ. ಮನೆಗೆ ಬಂದು, ಹುಡುಗಿ ಒಳಗೇ ಇದ್ದಾಳೆ, ಅವಳಿಗೆ ಆಗ್ತಿಲ್ಲ, ಬಿಡು ಅಂದಳು. ಆಮೇಲೆ ಒಂದು ವಾರ ನಿಮ್ಮಪ್ಪನಿಗೆ ಬೈದಳು. ನಿನಗಲ್ಲ."

ಆ ಕಡೆಯಿಂದ ಮ್ವಾನಾಜುಮಾ ಕಾಯುತ್ತಿದ್ದಳು, ಅವಸರ ಮಾಡಲಿಲ್ಲ. ಕರೆ ಮುಗಿದ ಮೇಲೆ ರುಕ್ಮಿಣಿಗೆ ಹೊಳೆಯಿತು. ದಿನವಿಡೀ ಬೇರೆಯವರ ಧ್ವನಿಮುದ್ರಿಕೆ ತಿದ್ದುವವಳು, ಇದನ್ನು ಮುದ್ರಿಸಿಕೊಳ್ಳಲು ಮರೆತಿದ್ದಳು. ಚಪ್ಪಲಿಯ ಮಾತನ್ನು ಮ್ವಾನಾಜುಮಾ ಯಾವ ಪದಗಳಲ್ಲಿ ಹೇಳಿದಳು ಎಂದು ನೆನಪಿಸಿಕೊಳ್ಳಲು ಸಂಜೆಯವರೆಗೂ ಹೆಣಗಿದಳು. ಅರ್ಥ ಉಳಿದಿತ್ತು, ಪದಗಳು ಜಾರಿಹೋಗಿದ್ದವು.

ಮಂಗಳವಾರ ಮ್ವಾನಾಜುಮಾ ಒಂದು ಫೋಟೊ ಕಳಿಸಿದಳು. ಗುರುತಿನ ಚೀಟಿಗೆ ತೆಗೆಸಿದ್ದು. ದಪ್ಪ ಕನ್ನಡಕ, ಕಪ್ಪು ತಲೆವಸ್ತ್ರ, ಇಳಿಬಿದ್ದ ಕೆನ್ನೆ, ಕ್ಯಾಮೆರಾವನ್ನು ನಂಬದ ನೋಟ. ರುಕ್ಮಿಣಿ ಸೋಫಾದ ಮೇಲೆ ಕುಳಿತು ಅದನ್ನು ದೊಡ್ಡದು ಮಾಡಿ ನೋಡಿದಳು, ಚಿಕ್ಕದು ಮಾಡಿ ನೋಡಿದಳು. ಗುರುತು ಸಿಗಲಿಲ್ಲ. ದಾರಿಯಲ್ಲಿ ಎದುರಾಗಿದ್ದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಅವಳ ಮಾಮಾ ಸೌಮುವಿಗೆ ಆಗ ಮೂವತ್ತೆಂಟೋ ನಲವತ್ತೋ. ಈಗ ರುಕ್ಮಿಣಿಗೆ ನಲವತ್ತಾರು. ಆ ಹೆಂಗಸನ್ನು ಈಗ ಕಂಡರೆ ತಂಗಿಯ ಹಾಗೆ ಕಾಣಬಹುದು.

ಅದಕ್ಕಿಂತ ಹಳೆಯದು ಇದೆಯೇ ಎಂದು ಕೇಳಿದ್ದಕ್ಕೆ, ಇಲ್ಲ ಎಂದು ಉತ್ತರ ಬಂತು. ಆಗ ಓಣಿಯಲ್ಲಿ ಕ್ಯಾಮೆರಾ ಇದ್ದದ್ದು ನಿಮ್ಮಪ್ಪನ ಹತ್ತಿರ ಮಾತ್ರ. ಹಾಲಪ್ಪ ಮೇಷ್ಟ್ರ ಆಲ್ಬಮ್ಮುಗಳಲ್ಲಿ ಇದ್ದದ್ದೆಲ್ಲ ಶಾಲೆಯ ವಾರ್ಷಿಕೋತ್ಸವ, ಪ್ರಯೋಗಾಲಯ, ಸಾಲಾಗಿ ನಿಂತ ಶಿಕ್ಷಕರು. ಪಕ್ಕದ ಮನೆಯವರ ಚಿತ್ರ ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

ನಿಸರ್ಗ ಶಾಲೆಯಿಂದ ಬಂದು, ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಹಿಂದಿನಿಂದ ಬಗ್ಗಿ ನೋಡಿದಳು. ಇವರೇನಾ ಅವರು ಎಂದು ಡಚ್‌ನಲ್ಲಿ ಕೇಳಿದಳು.

"ಹ್ಞೂಂ, ಇವ್ರೇ."

"ಪಾಠದಲ್ಲಿ ಕೇಳಿದಾಗ ನಾನು ಯಂಗ್ ಆಗಿರ್ತಾರೆ ಅಂದ್ಕೊಂಡಿದ್ದೆ."

"ನೀನು ಕೇಳಿದ್ಯಾ ಅದನ್ನ?"

"ಅಪ್ಪ ನಿನ್ನ ಲ್ಯಾಪ್‌ಟಾಪಲ್ಲಿ ಹಾಕಿದ್ರು. ನಾವಿಬ್ರೂ ಕೇಳಿದ್ವಿ. ಏನೂ ಅರ್ಥ ಆಗ್ಲಿಲ್ಲ." ನಿಸರ್ಗ ಮತ್ತೆ ಫೋಟೊದತ್ತ ಬಗ್ಗಿ, "ನೀನು ಅದ್ರಲ್ಲಿ ತುಂಬಾ ಬೇರೆ ಥರ ಇದ್ದೆ ಅಮ್ಮ," ಎಂದಳು.

ರುಕ್ಮಿಣಿ ಮ್ವಾನಾಜುಮಾಗೆ ಏನಾದರೂ ಬರೆಯಬೇಕೆಂದು ಎರಡು ಸಲ ಶುರುಮಾಡಿ, ಕಾಗುಣಿತ ಗೊತ್ತಾಗದೆ ಅಳಿಸಿದಳು. ಆಮೇಲೆ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದಳು. ಫೋಟೊ ಸಿಕ್ಕಿತು ಎಂದಳು. ಕನ್ನಡಕ ಯಾವಾಗ ಬಂತು ಎಂದು ಕೇಳಿದಳು. ಬೆಳಗ್ಗೆ ಮಹಮ್ರಿಗೆ ಹಿಟ್ಟು ನಾದುವಾಗ ಅಮ್ಮ ಏನೋ ಗುನುಗುತ್ತಿದ್ದಳಲ್ಲ, ಅದು ನಿನಗೆ ಪೂರ್ತಿ ಬರುತ್ತದೆಯೇ, ನನಗೆ ಮೊದಲ ಸಾಲು ಮಾತ್ರ ಇದೆ ಎಂದಳು. ಡಿಸೆಂಬರ್ ರಜೆಗೆ ಬರಲು ನೋಡುತ್ತೇನೆ, ಬರಲಾಗದೆಯೂ ಇರಬಹುದು ಎಂದಳು. ತಡವರಿಸಿದಾಗ ನಿಲ್ಲಿಸಿ, ಪದ ಸಿಕ್ಕ ಮೇಲೆ ಮುಂದುವರಿಸಿದಳು.

ನಿಸರ್ಗ ಬ್ಯಾಗು ಕೆಳಗಿಟ್ಟು ಸೋಫಾದ ಇನ್ನೊಂದು ತುದಿಯಲ್ಲಿ ಕಾಲು ಮಡಚಿ ಕುಳಿತುಕೊಂಡಳು. ಅಮ್ಮ ಮಾತು ಮುಗಿಸುವ ತನಕ ಕದಲದೆ ಕೇಳುತ್ತಿದ್ದಳು.